ಮೊದಲ ತಾಂಬೂಲದ ವಂಶಾವಳಿ

ತಾನು ಎಲ್ಲಿಂದ ಬಂದೆ ಎಂದು ಕೇಳಿಕೊಳ್ಳುವ ಶಕ್ತಿ ಸಕಲ ಜೀವರಾಶಿಯಲ್ಲಿ ಮನುಷ್ಯನಿಗೆ ಮಾತ್ರ ಇದೆ. ನಮ್ಮ ಮನೆತನದಲ್ಲಿ ಈ ಶಕ್ತಿ ಜಾಗೃತವಾದದ್ದು ಏಳಡಿ ಎತ್ತರದ ಕರಿಕಲ್ಲೊಂದನ್ನು ಟೆಂಪೊದಲ್ಲಿ ತಂದು ಇಳಿಸಿದ ಮೇಲೆ. ಮೊದಲು ಕಲ್ಲು ಬಂತು. ಆಮೇಲೆ ಅದರ ಮೇಲೆ ಬರೆಸಲು ಪೂರ್ವಿಕರು ಬೇಕಾದರು.

ಕಲ್ಲು ತರಿಸಿದವರು ನನ್ನ ದೊಡ್ಡಪ್ಪ. ನಗರಗೆರೆ ಹೋಬಳಿಯ ನಮ್ಮ ಊರಿನ ನಡುವೆ ಒಂದು ಕರುಗಲ್ಲಿದೆ. ಊರು ಕಟ್ಟುವಾಗ ಮೊದಲು ನೆಟ್ಟ ಕಲ್ಲು ಅದು. ಎತ್ತರ ಮೊಣಕಾಲಿನಷ್ಟು, ಗತ್ತು ಮಾತ್ರ ಗೋಪುರದ್ದು. ವರ್ಷಕ್ಕೊಮ್ಮೆ ಅದಕ್ಕೆ ಪೂಜೆ ಮಾಡಿ, ಊರು ಕಟ್ಟಿದ ಮನೆತನದ ಹಿರಿಯನಿಗೆ ಮೊದಲ ತಾಂಬೂಲ ಕೊಡುತ್ತಾರೆ. ಎರಡು ವೀಳ್ಯದೆಲೆ, ಒಂದು ಅಡಿಕೆ, ಒಂದು ಬಾಳೆಹಣ್ಣು. ಇಷ್ಟಕ್ಕಾಗಿ ದೊಡ್ಡಪ್ಪ ನಲವತ್ತು ವರ್ಷ ಆ ದಿನ ಊರು ಬಿಟ್ಟು ಕದಲಲಿಲ್ಲ. ಒಂದು ಸಲ ಜ್ವರ ಬಂದಾಗ ಅವರನ್ನು ಕುರ್ಚಿ ಸಮೇತ ಹೊತ್ತು ತಂದಿದ್ದೂ ಉಂಟು.

ಊರಿನ ಇನ್ನೊಂದು ಮನೆತನವಾದ ಕೆಳಗಿನ ಮನೆಯವರು ಮಾತ್ರ ಆ ತಾಂಬೂಲ ತಮ್ಮದೆಂದು ಆಗಾಗ ಗೊಣಗುತ್ತಿದ್ದರು. ಅವರ ಬಳಿ ಆಧಾರವಿರಲಿಲ್ಲ. ನಮ್ಮ ಬಳಿಯೂ ಇರಲಿಲ್ಲ. ಆದರೆ ನಮ್ಮ ಬಳಿ ತಾಂಬೂಲವಿತ್ತು. ಎಂಬತ್ತು ದಾಟಿದ ದೊಡ್ಡಪ್ಪನಿಗೆ, ತಾವು ಹೋದ ಮೇಲೆ ಈ ಗೊಣಗಾಟವೇ ಗೆದ್ದುಬಿಟ್ಟೀತೆಂಬ ಭಯ ಹತ್ತಿತು. ಮೂಲಪುರುಷನಿಂದ ಹಿಡಿದು ತಮ್ಮವರೆಗೆ ಏಳು ತಲೆಮಾರುಗಳನ್ನು ಕೆತ್ತಿಸಿ, ಈ ಸಲದ ಪೂಜೆಗೆ ಮುನ್ನ ಕರುಗಲ್ಲಿನ ಪಕ್ಕದಲ್ಲಿ ನಿಲ್ಲಿಸಿಬಿಡುವುದೆಂದು ತೀರ್ಮಾನಿಸಿದರು. ‘ಊರು ಕಟ್ಟಿದ ಮನೆತನ’ ಎಂಬ ತಲೆಬರಹವನ್ನು ಮುಂಚಿತವಾಗಿಯೇ ಕೆತ್ತಿಸಿದ್ದರು. ಏಳು ಹೆಸರು ತರುವ ಕೆಲಸ ನನ್ನ ಪಾಲಿಗೆ ಬಂತು. ಚಿಕ್ಕಬಳ್ಳಾಪುರದಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನಿಗೆ ಇತಿಹಾಸ ಬಾರದೆ ಇರುತ್ತದೆಯೆ?

ಅಮೆರಿಕದಲ್ಲಿ ಮೊದಮೊದಲು ಹಡಗಿಳಿದು ನೆಲೆಸಿದವರ ವಂಶದವರೂ ಹೀಗೆ ಬೇರು ಹುಡುಕುತ್ತಾರಂತೆ. ಡಿಎನ್‌ಎ ಪರೀಕ್ಷೆಗೆಂದು ಎಂಜಲನ್ನು ಅಂಚೆಯಲ್ಲಿ ಕಳಿಸಿದರೆ ಬಂಧುಬಳಗದ ಪಟ್ಟಿಯೇ ಬರುತ್ತದಂತೆ. ಹಡಗು ಬರುವ ಮುಂಚೆಯೇ ಅಲ್ಲಿದ್ದವರ ಸುದ್ದಿಯನ್ನು ಮಾತ್ರ ಹೆಚ್ಚು ಜನ ಎತ್ತುವುದಿಲ್ಲವಂತೆ. ಇದನ್ನು ಪತ್ರಿಕೆಯಲ್ಲಿ ಓದಿ ನಕ್ಕಿದ್ದೆ. ನಗಬಾರದಿತ್ತು.

ಗೌರಿಬಿದನೂರಿಗೆ ಹೋಗಿ ಹಳೆಯ ಕಂದಾಯದ ದಾಖಲೆಗಳ ನಕಲು ತೆಗೆಸಿದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಪದ್ಧತಿ. ಹಾಗಾಗಿ ಇಡೀ ವಂಶ ಎರಡೇ ಹೆಸರಿನಲ್ಲಿ ಸಾಗಿ ಬಂದಿದೆ. ಒಬ್ಬರು ಸತ್ತರೆ ಖಾತೆ ಬದಲಾಯಿಸುವ ತೊಂದರೆಯನ್ನೂ ಯಾರೂ ತೆಗೆದುಕೊಂಡಿಲ್ಲ. ಕಾಗದದ ಪ್ರಕಾರ ನಮ್ಮ ಪೂರ್ವಿಕನೊಬ್ಬ ನೂರ ಹತ್ತು ವರ್ಷ ತಪ್ಪದೆ ಕಂದಾಯ ಕಟ್ಟಿದ್ದ. ನಕಲು ಕೊಟ್ಟ ನೌಕರ ಭಕ್ತಿಯಿಂದ, “ಇವ್ರು ಈಗ ಹೇಗಿದಾರೆ ಸರ್?” ಎಂದು ವಿಚಾರಿಸಿದ. ಪರವಾಗಿಲ್ಲ ಎಂದೆ.

ಉಳಿದ ದಾರಿ ಹೆಳವ ಒಬ್ಬನೇ. ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಊರೂರಿಗೆ ಬಂದು ಓದಿ ಹೇಳುವುದು ಹೆಳವರ ಕಸುಬು. ನಮ್ಮ ತಾತನ ಕಾಲದಲ್ಲೇ, ಒಂದು ಮೂಟೆ ರಾಗಿ ದಂಡವೆಂದು ಊರಿನವರೆಲ್ಲ ಅವರನ್ನು ಕರೆಸುವುದು ಬಿಟ್ಟಿದ್ದರು. ಈಗಿನ ಹೆಳವ ಚಿಂತಾಮಣಿಯ ಕಡೆ ಇದ್ದಾನೆಂದು ತಿಳಿಯಿತು. ಅವನ ನಂಬರಿದ್ದದ್ದು ದಿಬ್ಬೂರಹಳ್ಳಿಯ ನೆಂಟರ ಬಳಿ. ಅವರು ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಮುಗಿಸುವವರೆಗೆ ನನ್ನನ್ನು ಹೊರಗೇ ನಿಲ್ಲಿಸಿದರು. ಪೂರ್ವಿಕರು ಕಾಯುತ್ತಾರೆ, ಹುಳು ಕಾಯುವುದಿಲ್ಲ.

ಹೆಳವರು ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಈತ ಮೊಪೆಡ್ಡಿನಲ್ಲಿ ಬಂದ, ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು. ದೊಡ್ಡಪ್ಪ ಕರುಗಲ್ಲಿನ ಎದುರು ಶಾಮಿಯಾನ ಹಾಕಿಸಿ, ಊರಿಗೆಲ್ಲ ಹೇಳಿಕಳಿಸಿ, ಕೆಳಗಿನ ಮನೆಯ ಅಜ್ಜಿಗೂ ಅವರ ಮಗನಿಗೂ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿದ್ದರು. ಪುಸ್ತಕ ಬಿಚ್ಚಿದರೆ ಹೆಳವ ನಡುವೆ ನಿಲ್ಲಿಸುವಂತಿಲ್ಲ, ಮೊದಲು ಮನೆಯೊಳಗೆ ನಾವಷ್ಟೇ ಒಮ್ಮೆ ಕೇಳಿಬಿಡೋಣ ಎಂದೆ.

“ನಮ್ಮ ವಂಶ ನಮಗೇ ಗೊತ್ತಿಲ್ವೇನೋ? ಅವ್ರು ಕೇಳ್ಲಿ ಅಂತಾನೇ ಕಣೋ ಓದಿಸ್ತಿರೋದು” ಎಂದರು ದೊಡ್ಡಪ್ಪ.

ಅವರು ಕೇಳಿದರು. ಸೂರ್ಯಚಂದ್ರರ ಸ್ತುತಿ ಮುಗಿಸಿ ಹೆಳವ ನಮ್ಮ ಮೂಲಪುರುಷನಿಗೆ ಬಂದ. ಆತ ತೆಲುಗು ಸೀಮೆಯಿಂದ ಒಬ್ಬನೇ ನಡೆದು ಬಂದನಂತೆ. ಬಂದಾಗ ಊರಿತ್ತಂತೆ, ಕರುಗಲ್ಲೂ ಇತ್ತಂತೆ. ಕಲ್ಲು ನೆಟ್ಟವನಿಗೆ ಗಂಡುಸಂತಾನವಿರಲಿಲ್ಲವಾಗಿ, ಒಬ್ಬಳೇ ಮಗಳನ್ನು ಕೊಟ್ಟು ಈತನನ್ನು ಮನೆಅಳಿಯನಾಗಿ ಇಟ್ಟುಕೊಂಡ. ಆಮೇಲೆ, ಯಾರೂ ನಿರೀಕ್ಷಿಸದ ವಯಸ್ಸಿನಲ್ಲಿ, ಮಾವನಿಗೊಬ್ಬ ಮಗ ಹುಟ್ಟಿದ. ಮಗು ತೊಟ್ಟಿಲಲ್ಲಿರುವಾಗಲೇ ಮಾವ ಹಾಸಿಗೆ ಹಿಡಿದ. ಹುಡುಗ ದೊಡ್ಡವನಾಗುವವರೆಗೆ ಮೊದಲ ತಾಂಬೂಲವನ್ನು ಅಳಿಯ ತೆಗೆದುಕೊಳ್ಳಲಿ ಎಂದು ಪಂಚರ ಮುಂದೆ ಹೇಳಿ ಕಣ್ಣು ಮುಚ್ಚಿದ. ಆ ಹುಡುಗನ ಸಂತಾನವೇ ಕೆಳಗಿನ ಮನೆ.

ತಾತ್ಕಾಲಿಕ ಎಂದು ಮಾಡಿದ ಏರ್ಪಾಡು ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಬಾಳುತ್ತದೆಂಬುದು ಕಚೇರಿಯಲ್ಲಿದ್ದ ನನಗೆ ಗೊತ್ತಿತ್ತು. ಏಳು ತಲೆಮಾರು ಬಾಳುತ್ತದೆಂದು ಗೊತ್ತಿರಲಿಲ್ಲ.

ದೊಡ್ಡಪ್ಪ ಇನ್ನೊಮ್ಮೆ ಓದಿಸಿದರು. ಅಕ್ಷರ ಅಲುಗಲಿಲ್ಲ. ಆಗ ಹೆಳವನತ್ತ ಬಾಗಿ ತಗ್ಗಿದ ದನಿಯಲ್ಲಿ, “ಆ ತೊಟ್ಟಿಲಿನ ಮಾತು ಬಿಟ್ಟು ಓದೋಕಾಗಲ್ವೇನಪ್ಪ?” ಎಂದರು.

“ಬಿಡ್ಬೋದು ಸ್ವಾಮಿ. ಆದ್ರೆ ಕೆಳಗಿನ ಮನೆ ಹಾಳೇಲೂ ಇದೇ ಐತೆ” ಎಂದು ಹೆಳವ ಹಾಳೆ ತಿರುವಿ ತೋರಿಸಿದ.

ಅಜ್ಜಿ ನಿಧಾನವಾಗಿ ಎದ್ದು ಸೆರಗು ಸರಿಮಾಡಿಕೊಂಡರು. ಪಕ್ಕದಲ್ಲಿದ್ದ ಮಗನ ಭುಜದ ಮೇಲೆ ಕೈಯಿಟ್ಟು, ದೊಡ್ಡಪ್ಪನ ಕಡೆ ನೋಡಿ, “ನಮ್ಮ ಹುಡುಗ ದೊಡ್ಡೋನಾದ ಕಣಪ್ಪ” ಎಂದರು.

ಹುಡುಗನಿಗೆ ಐವತ್ತಾರು ವರ್ಷ, ಸಕ್ಕರೆ ಕಾಯಿಲೆ, ಇಬ್ಬರು ಮೊಮ್ಮಕ್ಕಳು. ದೊಡ್ಡಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ಬಹಳ ಹೊತ್ತು ನೋಡಿದರು, ನಿಜವಾಗಿಯೂ ದೊಡ್ಡವನಾಗಿದ್ದಾನೆಯೇ ಎಂದು ಪರೀಕ್ಷಿಸುವವರಂತೆ. ಆಮೇಲೆ ಎದ್ದುಹೋದರು.

ಪೂಜೆಯ ದಿನ ದೊಡ್ಡಪ್ಪ ಎಲ್ಲರಿಗಿಂತ ಮೊದಲೇ ಗರಿಗರಿ ಪಂಚೆಯುಟ್ಟು ಬಂದು ನಿಂತರು. ಪೂಜಾರಿ ರೂಢಿಯಂತೆ ಅವರ ಮುಂದೆ ತಟ್ಟೆ ಹಿಡಿದ. ನಲವತ್ತು ವರ್ಷದ ಕೈ, ತಾನಾಗಿ ಮುಂದೆ ಹೋಗಿ ತೆಗೆದುಕೊಂಡಿತು. ದೊಡ್ಡಪ್ಪ ಕೈಯಲ್ಲಿದ್ದದ್ದನ್ನು ಒಮ್ಮೆ ನೋಡಿ, ಎರಡು ಹೆಜ್ಜೆ ನಡೆದು, ಕೆಳಗಿನ ಮನೆಯ ಹುಡುಗನ ಕೈಯಲ್ಲಿಟ್ಟರು.

“ತಗೊಳ್ಳಪ್ಪ. ಹಿಂದಿನವೆಲ್ಲ ತಿಂದ್ಬಿಟ್ಟಿದೀವಿ.”

ಎರಡನೆಯ ತಾಂಬೂಲ ದೊಡ್ಡಪ್ಪನಿಗೆ ಬಂತು. ಕಲ್ಲು ನಮ್ಮ ಹಿತ್ತಲಿನಲ್ಲಿದೆ. ತಲೆಬರಹದ ಕೆಳಗೆ ಏನೂ ಕೆತ್ತಿಸಿಲ್ಲ.