ಒಳ್ಳೆ ಕೇಸು ದಾಕ್ಷಾಯಣಮ್ಮ

ನಜರ್‌ಬಾದಿನ ದಾಕ್ಷಾಯಣಮ್ಮನ ಎದೆಗೆ ಕಿವಿಗೊಟ್ಟು ಡಾಕ್ಟರಾದವರು ಇವತ್ತು ಮೈಸೂರಿನ ತುಂಬ ಇದ್ದಾರೆ. ಕುವೆಂಪುನಗರದಲ್ಲಿ ಒಬ್ಬರ ಕ್ಲಿನಿಕ್ಕಿದೆ, ರಾಮಕೃಷ್ಣನಗರದಲ್ಲಿ ಇನ್ನೊಬ್ಬರ ನರ್ಸಿಂಗ್ ಹೋಮೇ ಇದೆ. ಅವರಲ್ಲಿ ಯಾರನ್ನಾದರೂ ನಿಲ್ಲಿಸಿ ಆಕೆಯ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಎದೆಯೊಳಗಿನ ಸದ್ದು ಹೇಗಿತ್ತು ಎಂದು ಕೇಳಿ, ಈಗಲೂ ಬಾಯಲ್ಲೇ ಮಾಡಿ ತೋರಿಸುತ್ತಾರೆ. ಅವರು ಕಲಿತದ್ದು ಅಷ್ಟೇ.

ದಾಕ್ಷಾಯಣಮ್ಮ ಮನೆಯಲ್ಲೇ ಕೂತು ಸೀರೆಗೆ ಫಾಲ್ಸ್ ಹಾಕುತ್ತಿದ್ದಳು. ಗಂಡ ಸಿದ್ದಮಲ್ಲಪ್ಪ ಸಂತೇಪೇಟೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಮಾತು ಕಮ್ಮಿ, ಹೆಂಡತಿ ಎಂದರೆ ಜೀವ. ತೊಂಬತ್ತಮೂರರಲ್ಲಿ ಮಗಳು ಶಿವಾನಿ ಹುಟ್ಟಿದ ಮೇಲೆ ದಾಕ್ಷಾಯಣಮ್ಮನಿಗೆ ಏದುಸಿರು ಶುರುವಾಯಿತು. ಮಾರ್ಕೆಟ್ಟಿನಿಂದ ತರಕಾರಿ ಚೀಲ ಹಿಡಿದು ನಡೆದು ಬರುತ್ತಿದ್ದವಳು ದಾರಿಯಲ್ಲಿ ಯಾರದೋ ಜಗುಲಿ ಕಂಡರೆ ಕೂರತೊಡಗಿದಳು. ಬಾಣಂತನ ಸರಿಯಾಗಲಿಲ್ಲ ಎಂದು ಅತ್ತೆ ಗೊಣಗಿದರು. ಕೊನೆಗೊಂದು ದಿನ ಕೆಮ್ಮಿದ್ದರಲ್ಲಿ ರಕ್ತ ಕಂಡಿತು. ಸಿದ್ದಮಲ್ಲಪ್ಪ ಹೆದರಿ, ಮಂಡಿಗೆ ರಜಾ ಹಾಕಿ, ಮೆಡಿಕಲ್ ಕಾಲೇಜಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದ. ಯಾವ ಆಸ್ಪತ್ರೆ ಎನ್ನುವುದು ಬೇಡ. ಹೆಸರು ಹೇಳಿ ಈಗ ಆಗಬೇಕಾದ್ದೇನೂ ಇಲ್ಲ.

ಅಲ್ಲಿ ಆಕೆಯನ್ನು ನೋಡಿದವರು ಡಾಕ್ಟರ್ ಅನಂತಪದ್ಮನಾಭ. ಹಿರಿಯರು ಅರಮನೆಯಲ್ಲಿ ವಿದ್ವಾಂಸರಾಗಿದ್ದ ಮನೆತನ. ರೋಗಿಯ ಮಂಚದ ಪಕ್ಕದಲ್ಲಿ ಅವರು ಪಾಠ ಮಾಡುತ್ತಾರೆಂದರೆ ಬೇರೆ ಯೂನಿಟ್ಟಿನ ಹುಡುಗರೂ ಬಂದು ನಿಲ್ಲುತ್ತಿದ್ದರು. ಸ್ಟೆತಸ್ಕೋಪು ಕತ್ತಿಗೆ ಹಾಕಿಕೊಂಡು ಬಂದ ಹುಡುಗನಿಗೆ ಮೊದಲು ಅದನ್ನು ಜೇಬಿಗಿಡು ಎನ್ನುತ್ತಿದ್ದರು. ಸ್ಟೂಲು ಎಳೆದುಕೊಂಡು ಕೂತು, ರೋಗಿ ಹೇಳುವುದನ್ನು ಪೂರ್ತಿ ಕೇಳಬೇಕು, ನಡುವೆ ಬಾಯಿ ಹಾಕಬಾರದು. ಯಾವುದು ಮೊದಲು ಬಂತು, ಯಾವುದು ಆಮೇಲೆ, ಹೇಗೆ ಹೆಚ್ಚಾಯಿತು ಎಂದು ಎಳೆ ಬಿಡಿಸಿಕೊಳ್ಳಬೇಕು. ಆಮೇಲೆ ಕಣ್ಣು, ಆಮೇಲೆ ಕೈ, ಎಲ್ಲದರ ಕೊನೆಗೆ ಸ್ಟೆತಸ್ಕೋಪು. ಅದನ್ನೂ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಯೇ ಎದೆಗಿಡುತ್ತಿದ್ದರು. ಬಡವರ ಮೈಯನ್ನು ಅಷ್ಟು ಮರ್ಯಾದೆಯಿಂದ ಮುಟ್ಟುವ ಡಾಕ್ಟರನ್ನು ದಾಕ್ಷಾಯಣಮ್ಮ ಕಂಡಿರಲಿಲ್ಲ. ಆ ದಿನವೇ ಆಕೆ ಅವರನ್ನು ದೇವರ ಗೂಡಿನಲ್ಲಿ ಕೂರಿಸಿಬಿಟ್ಟಳು.

ಚಿಕ್ಕವಳಿದ್ದಾಗ ಜ್ವರ ಬಂದು ಕೀಲುಗಳೆಲ್ಲ ಊದಿಕೊಂಡಿದ್ದವಲ್ಲ, ಆ ಜ್ವರ ಹೋಗುವಾಗ ಎದೆಯೊಳಗಿನ ಒಂದು ಬಾಗಿಲನ್ನು ಕೆಡಿಸಿ ಹೋಗಿದೆ ಎಂದು ಅವರು ವಿವರಿಸಿದರು. ಬಾಗಿಲು ಕಿರಿದಾಗಿದೆ, ರಕ್ತ ನುಗ್ಗಿ ಹೋಗಬೇಕು, ಅದಕ್ಕೇ ಉಸಿರು ಸಾಲದು. ಮುಂದೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಬಾಗಿಲು ಅಗಲ ಮಾಡಿಸಬೇಕು, ಅಲ್ಲಿಯವರೊಂದಿಗೆ ನಾನೇ ಮಾತಾಡುತ್ತೇನೆ ಎಂದರು. ಅಲ್ಲಿಯವರೆಗೆ ಮಾತ್ರೆ. ಮತ್ತೆ, ಫೈನಲ್ ಇಯರ್ ಹುಡುಗರ ಪರೀಕ್ಷೆ ಬಂದಾಗ ಬಂದು ವಾರ್ಡಿನಲ್ಲಿ ಮಲಗಿ ಹೋದರೆ ಉಪಕಾರವಾಗುತ್ತದೆ ಎಂದೂ ಸೇರಿಸಿದರು. ದಾಕ್ಷಾಯಣಮ್ಮನಿಗೆ ಅದೊಂದು ಸೇವೆಯಂತೆ ಕಂಡಿತು.

ಹೀಗೆ ಆಕೆ ಪರೀಕ್ಷೆಯ ಕೇಸಾದಳು. ಪರೀಕ್ಷೆ ಹತ್ತಿರ ಬಂತೆಂದರೆ ವಾರ್ಡಿನಿಂದ ಕರೆ ಬರುತ್ತಿತ್ತು. ಹೊಸ ಬೆಡ್‌ಶೀಟು, ಬೆಳಿಗ್ಗೆ ಇಡ್ಲಿ ಕಾಫಿ, ಸುತ್ತ ಹಸಿರು ಪರದೆ. ರೋಗಿಗಳಿಗೆ ಸಿಸ್ಟರು ಹೇಳಿಕೊಡುತ್ತಿದ್ದದ್ದು ಒಂದೇ: ಕೇಳಿದ್ದಕ್ಕೆ ಮಾತ್ರ ಉತ್ತರ, ಕಾಯಿಲೆಯ ಹೆಸರು ಹೇಳುವಂತಿಲ್ಲ, ಅದನ್ನು ಹುಡುಗರೇ ಕಂಡುಹಿಡಿಯಬೇಕು. ದಾಕ್ಷಾಯಣಮ್ಮ ತನ್ನ ಕಥೆಯನ್ನು ಡಾಕ್ಟರು ಕಲಿಸಿದ ಕ್ರಮದಲ್ಲೇ, ಜ್ವರದಿಂದ ರಕ್ತದವರೆಗೆ, ಒಂದು ಮಾತು ಆಚೀಚೆ ಆಗದಂತೆ ಒಪ್ಪಿಸುತ್ತಿದ್ದಳು. ಆಕೆಯ ಎದೆಯ ಸದ್ದು ಎಡಮಗ್ಗುಲಿಗೆ ತಿರುಗಿ, ಉಸಿರು ಪೂರ್ತಿ ಹೊರಗೆ ಬಿಟ್ಟು ತಡೆದರೆ ಮಾತ್ರ ಚೆನ್ನಾಗಿ ಕೇಳಿಸುವಂಥದ್ದು. ಕೆಲವು ಹುಡುಗರು ಗಾಬರಿಯಲ್ಲಿ ಅದನ್ನೇ ಮರೆಯುತ್ತಿದ್ದರು. ಬೆವರುತ್ತಿರುವ ಮುಖ ನೋಡಿ ಆಕೆಗೆ ಕರುಳು ಚುರುಕ್ ಎನ್ನುತ್ತಿತ್ತು. ಹೆಸರು ಹೇಳಬಾರದು ಅಂದಿದ್ದಾರೆ, ಮಗ್ಗುಲಾಗಬಾರದು ಅಂದಿಲ್ಲವಲ್ಲ. ತಾನಾಗಿಯೇ ಎಡಕ್ಕೆ ಹೊರಳಿ, ಉಸಿರು ಬಿಟ್ಟು, ಹಿಡಿದು ಮಲಗುತ್ತಿದ್ದಳು. ಹುಡುಗನಿಗೆ ತಟ್ಟನೆ ನೆನಪಾಗುತ್ತಿತ್ತು. ಎಷ್ಟು ಜನ ಹಾಗೆ ದಡ ಸೇರಿದರೋ.

ಆಪರೇಷನ್ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಈ ಪರೀಕ್ಷೆ ಮುಗಿಯಲಿ ಎನ್ನುತ್ತಿದ್ದರು ಡಾಕ್ಟರು. ಮುಗಿದ ಮೇಲೆ ಮಾತ್ರೆಯಲ್ಲೇ ಚೆನ್ನಾಗಿದ್ದೀರಲ್ಲ, ನೋಡೋಣ ಎನ್ನುತ್ತಿದ್ದರು. ಬಾಗಿಲು ಅಗಲವಾದರೆ ಆ ಸದ್ದು ಹೋಗುತ್ತದೆ, ಸದ್ದು ಹೋದರೆ ಕೇಸು ಹೋಗುತ್ತದೆ. ಅವರು ಬೇಕೆಂದೇ ತಡ ಮಾಡಿದರು ಎನ್ನಲು ಯಾರ ಬಳಿಯೂ ಸಾಕ್ಷಿಯಿಲ್ಲ. ಒಳ್ಳೆಯವರೇ. ಒಳ್ಳೆಯವರು ಮರೆತರೆ ಕೇಳುವವರಾರು? ಒಮ್ಮೆ ಸಿದ್ದಮಲ್ಲಪ್ಪ ಬಾಯಿಬಿಟ್ಟು ಕೇಳಿದ್ದಕ್ಕೆ, ದೊಡ್ಡ ಡಾಕ್ಟರಿಗೇ ಬುದ್ಧಿ ಹೇಳಕ್ಕೆ ಹೋಗ್ತೀರಲ್ಲ ಎಂದು ದಾಕ್ಷಾಯಣಮ್ಮನೇ ಮನೆಯಲ್ಲಿ ರೇಗಿದಳು.

ಪಕ್ಕದ ಮಂಚದ ಖಾಯಂ ಕೇಸು ದೇವಿರಮ್ಮ. ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಂಡಿದ್ದ ಹೆಂಗಸು, ಹುಡುಗರೆಲ್ಲ ಅದನ್ನು ಬೆರಳಲ್ಲಿ ತಡವಿ ಕಲಿಯುತ್ತಿದ್ದರು. ಆಕೆಗೂ ಆಪರೇಷನ್ ಎಂದು ದಿನ ಗೊತ್ತಾಗಿತ್ತು. ಹಿಂದಿನ ದಿನ ಸಕ್ಕರೆ ಕಾಯಿಲೆಯೂ ಇದೆ ಎಂದು ಗೊತ್ತಾಗಿ ವಾಪಸು ಕಳಿಸಿದರು, ಆಪರೇಷನ್ನಿಗೆ ಮತ್ತೆ ಕರೆಯಲೇ ಇಲ್ಲ. ದೇವಿರಮ್ಮ ಆ ಕಥೆಯನ್ನು ಬಂದಾಗಲೆಲ್ಲ ಹೇಳುತ್ತಿದ್ದಳು. "ಇರೋ ಕಾಯ್ಲೆ ಒಂದನ್ನೇ ಹೇಳು ಕಣಮ್ಮ. ಎರಡನೇದು ಬಾಯ್ಬುಟ್ಟೆಯೋ, ಮೊದಲನೇದಕ್ಕೂ ಕೈ ಎತ್ತುಬುಡ್ತಾರೆ." ದಾಕ್ಷಾಯಣಮ್ಮ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಫಾಲ್ಸ್ ಹಾಕುತ್ತಿದ್ದಾಗ ಸೂಜಿ ಬಲಗೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ. ಶಿವಾನಿಯನ್ನು ಕೂಗಬೇಕೆಂದರೆ ನಾಲಿಗೆ ಹೊರಳದೆ "ಬಾ ಬಾ" ಎಂದಷ್ಟೇ ಬಂತು. ಅಕ್ಕಿ ಬೇಯುವಷ್ಟರಲ್ಲಿ ಎಲ್ಲ ಸರಿಹೋಯಿತು. ಅದಕ್ಕೂ ಮುಂಚಿನಿಂದ ಎದೆ ಆಗಾಗ ತಾಳ ತಪ್ಪಿ ಹೊಡೆದುಕೊಳ್ಳುತ್ತಿತ್ತು. ಆಕೆ ಗಂಡನಿಗೂ ಹೇಳಲಿಲ್ಲ. ಯಾಕೆಂದರೆ ಆ ಸಲ ಡಾಕ್ಟರು, ಬೆಂಗಳೂರಿನವರ ಹತ್ತಿರ ಮಾತಾಡಿದ್ದೇನೆ, ಪರೀಕ್ಷೆ ಮುಗಿದ ಮೇಲೆ ಖಂಡಿತ ಕಳಿಸುತ್ತೇನೆ ಎಂದಿದ್ದರು. ಹತ್ತು ವರ್ಷ ಕಾದ ಬಾಗಿಲು ತೆರೆಯುವ ಹೊತ್ತಿನಲ್ಲಿ ಎರಡನೇ ಕಾಯಿಲೆಯ ಮಾತೆತ್ತಲು ಆಕೆಗೆ ಹುಚ್ಚೇ?

ಪರೀಕ್ಷೆಯ ದಿನ ಆಕೆಯ ಪಾಲಿಗೆ ಬಂದವಳು ನಿಶ್ಚಿತಾ ಎಂಬ ಹುಡುಗಿ. ಡಾಕ್ಟರ ಪಾಠವನ್ನು ಅಕ್ಷರಶಃ ನಂಬಿದವಳು. ಸ್ಟೂಲು ಎಳೆದು ಕೂತು, ಸ್ಟೆತಸ್ಕೋಪು ಜೇಬಿಗಿಟ್ಟು, ಕಥೆಯನ್ನು ಪೂರ್ತಿ ಕೇಳಿದಳು. ಬೇರೆ ಹುಡುಗರಾಗಿದ್ದರೆ ಅಲ್ಲಿಗೆ ಎದ್ದು ಎದೆಗೆ ಸ್ಟೆತಸ್ಕೋಪು ಇಡುತ್ತಿದ್ದರು. ಇವಳು ಪೆನ್ನು ಕೆಳಗಿಟ್ಟು ಆಕೆಯ ಮುಖ ನೋಡಿದಳು.

"ಅಮ್ಮಾ, ಇದೆಲ್ಲ ಹಳೇದು. ಈಚೆಗೆ ನಿಮಗೆ ಹೊಸದಾಗಿ ಏನಾದ್ರೂ ಆಗಿದ್ಯಾ?"

ಹತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಾರ ಮುಂದೆಯೂ ಹೇಳಬಾರದೆಂದು ಬಿಗಿಹಿಡಿದದ್ದೆಲ್ಲ ಆ ಪುಟ್ಟ ಹುಡುಗಿಯ ಮುಂದೆ ಹೊರಗೆ ಬಂತು: ಸೂಜಿ, ಬೆರಳು, ನಾಲಿಗೆ, ತಾಳ ತಪ್ಪುವ ಎದೆ. ನಿಶ್ಚಿತಾ ಬರೆದುಕೊಂಡಳು. ಎದೆಯಲ್ಲಿ ಹೆಪ್ಪುಗಟ್ಟಿದ ರಕ್ತ ತಲೆಗೆ ಹೋಗುವುದುಂಟು, ಇದು ಅದರ ಮುನ್ಸೂಚನೆ, ತಕ್ಷಣ ಬೇರೆ ಮಾತ್ರೆ ಬೇಕು, ಸಾರ್‌ಗೆ ಹೇಳಲೇಬೇಕು ಎಂದಳು. ಬೇಡ ಕಣಮ್ಮ ಎಂದು ದಾಕ್ಷಾಯಣಮ್ಮ ಆಕೆಯ ಕೈ ಹಿಡಿಯುವಷ್ಟರಲ್ಲಿ ಗಂಟೆ ಹೊಡೆದು ಪರದೆ ಸರಿಯಿತು.

ಹೊರಗಿನ ಊರಿಂದ ಬಂದ ಪರೀಕ್ಷಕರು, ಜೊತೆಗೆ ಡಾಕ್ಟರ್ ಅನಂತಪದ್ಮನಾಭ. ನಿಶ್ಚಿತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೈ ಸ್ವಾಧೀನ ತಪ್ಪಿದ ಮಾತು ಬಂದಾಗ ಹೊರಗಿನವರು ಹುಬ್ಬೇರಿಸಿ, ಇದೇನು ನೀವು ಹೇಳಲೇ ಇಲ್ಲವಲ್ಲ ಎಂಬಂತೆ ಡಾಕ್ಟರ ಕಡೆ ನೋಡಿದರು. ಡಾಕ್ಟರ ಮುಖ ಬಿಗಿಯಿತು. ಇದು ತನ್ನ ಪೇಶೆಂಟು, ಹತ್ತು ವರ್ಷದಿಂದ ಬಲ್ಲೆ, ಪುಸ್ತಕದಲ್ಲಿ ಓದಿದ್ದನ್ನೆಲ್ಲ ರೋಗಿಯ ಬಾಯಿಗೆ ತುರುಕಬಾರದು ಎಂದರು. ಹೊರಗಿನವರು ನಾಡಿ ಹಿಡಿದು ನೋಡಿದರು. ಹಾಳಾದ್ದು ಆ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿತ್ತು. ಡಾಕ್ಟರು ದಾಕ್ಷಾಯಣಮ್ಮನ ಕಡೆ ಬಾಗಿ, ಎಂದಿನ ನಗೆಯಲ್ಲೇ ಕೇಳಿದರು.

"ಏನಮ್ಮಾ, ಕೈ ಸ್ವಾಧೀನ ಗೀಧೀನ ತಪ್ಪಿತ್ತಾ ನಿಮಗೆ?"

ಆಕೆ ಡಾಕ್ಟರನ್ನು ನೋಡಿದಳು. ಬೆಂಗಳೂರು ಕಣ್ಣ ಮುಂದೆ ಬಂತು. ವಾಪಸು ಬಂದ ದೇವಿರಮ್ಮ ಬಂದಳು. ಪಕ್ಕದಲ್ಲಿ ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದು ಗೊತ್ತಿತ್ತು, ಆ ಕಡೆ ಮಾತ್ರ ನೋಡಲಿಲ್ಲ.

"ಇಲ್ಲ ಸಾರ್. ಅಂಥದ್ದೇನೂ ಇಲ್ಲ."

ರೋಗಿ ಹೇಳದ್ದನ್ನು ಕಟ್ಟಿ ಹೇಳುವುದಕ್ಕಿಂತ ದೊಡ್ಡ ತಪ್ಪು ಆ ಪರೀಕ್ಷೆಯಲ್ಲಿಲ್ಲ. ನಿಶ್ಚಿತಾ ಫೇಲಾದಳು. ಹೊರಟಾಗ ಅಳಲಿಲ್ಲ, ಜಗಳವಾಡಲಿಲ್ಲ. ಒಂದು ಸಲ ತಿರುಗಿ ನೋಡಿದಳು, ಅಷ್ಟೇ. ಆ ನೋಟ ದಾಕ್ಷಾಯಣಮ್ಮನನ್ನು ಮನೆಯವರೆಗೂ ಬಿಡಲಿಲ್ಲ. ಎಷ್ಟೋ ಹುಡುಗರನ್ನು ಮಗ್ಗುಲಾಗಿ ಪಾಸು ಮಾಡಿಸಿದವಳು, ತನ್ನ ಮಾತು ನಿಜವಾಗಿ ಕೇಳಿದ ಒಬ್ಬಳನ್ನು ಮುಳುಗಿಸಿ ಬಂದಿದ್ದಳು. ಆಪರೇಷನ್ ಆಗಲಿ, ಆಮೇಲೆ ಹೋಗಿ ಡಾಕ್ಟರಿಗೆ ನಿಜ ಹೇಳಿ ಆ ಮಗುವಿನ ಹೆಸರು ಉಳಿಸುತ್ತೇನೆ ಎಂದು ದೇವರ ಮುಂದೆ ಹೇಳಿಕೊಂಡಳು.

ಬೆಂಗಳೂರಿನಿಂದ ದಿನ ಬಂತು. ಡಾಕ್ಟರು ಈ ಸಲ ಮರೆತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಬರಲು ಹೇಳಿದ್ದರು. ದಸರೆಯ ಗೊಂಬೆ ಇಳಿಸಿ ಒರೆಸಿಡುತ್ತಿದ್ದ ಬೆಳಿಗ್ಗೆ, ಗೊಂಬೆಯೊಂದು ದಾಕ್ಷಾಯಣಮ್ಮನ ಬಲಗೈಯಿಂದ ಜಾರಿ ಒಡೆಯಿತು. ಹಿಂದೆಯೇ ಆಕೆಯೂ ಬಿದ್ದಳು. ಈ ಸಲ ಅಕ್ಕಿ ಬೆಂದರೂ ಕೈ ಬರಲಿಲ್ಲ, ನಾಲಿಗೆ ಬರಲಿಲ್ಲ, ಮರುದಿನವೂ ಬರಲಿಲ್ಲ.

ಅದೇ ವಾರ್ಡು, ಅದೇ ಕಿಟಕಿಯ ಪಕ್ಕದ ಮಂಚ. ಸಿದ್ದಮಲ್ಲಪ್ಪ ಕಾಲ ಬಳಿ ಕೂತಿದ್ದ. ಒಂದು ವಾರದ ಮೇಲೆ ಡಾಕ್ಟರು ಹುಡುಗರ ಗುಂಪಿನೊಂದಿಗೆ ಬಂದರು. ಅವರ ಕಣ್ಣಲ್ಲಿ ನೀರಿತ್ತು, ಅದೇನೂ ಸುಳ್ಳಲ್ಲ. ಗುಂಪಿನ ಹಿಂದೆ, ಮತ್ತೆ ಪರೀಕ್ಷೆಗೆ ಕಟ್ಟಿ ಕಾಯುತ್ತಿದ್ದ ನಿಶ್ಚಿತಾ. ದಾಕ್ಷಾಯಣಮ್ಮ ಆಕೆಯನ್ನು ಗುರುತು ಹಿಡಿದಳು. ಡಾಕ್ಟರು ರೋಗದ ವಿಷಯ ತಾವೇ ಹೇಳಿ, ಹೀಗಾಗುವ ಮುಂಚೆ ಏನಾದರೂ ಸೂಚನೆ ಇತ್ತೇ ಎಂದು ಹುಡುಗರನ್ನು ಕೇಳಿ, ನಿಶ್ಚಿತಾಳ ಕಡೆ ಬೆರಳು ಮಾಡಿದರು.

ದಾಕ್ಷಾಯಣಮ್ಮ ಎಡಗೈಯಿಂದ ಮಂಚದ ಕಂಬಿಯನ್ನು ಬಡಿದಳು. ಹೇಳಮ್ಮ, ನಿನಗೆ ಹೇಳಿದ್ದೆನಲ್ಲ, ಹೇಳು ಎಂದು ಜೀವವೆಲ್ಲ ಬಾಯಿಗೆ ತಂದು ಕೂಗಿದಳು. ಹೊರಗೆ ಬಂದದ್ದು "ಬಾ ಬಾ".

ನಿಶ್ಚಿತಾ ಆಕೆಯನ್ನು ನೋಡಿದಳು. ಆಮೇಲೆ ಡಾಕ್ಟರನ್ನು ನೋಡಿದಳು. ಒಮ್ಮೆ ಕಲಿತದ್ದನ್ನು ಅವಳು ಮರೆಯುವ ಹುಡುಗಿಯಲ್ಲ.

"ಇಲ್ಲ ಸಾರ್. ಅಂಥದ್ದೇನೂ ಇಲ್ಲ."

ಗುಡ್ ಎಂದರು ಡಾಕ್ಟರು. ಸಮಾಧಾನ ಮಾಡಿಕೊಳ್ಳಿ ಅಮ್ಮಾ ಎಂದು ದಾಕ್ಷಾಯಣಮ್ಮನ ಎಡಗೈಯನ್ನು ಕಂಬಿಯಿಂದ ಮೆತ್ತಗೆ ಬಿಡಿಸಿ, ಎದೆಯ ಸದ್ದನ್ನು ಎಲ್ಲರೂ ಒಂದು ಸಲ ಕೇಳಿಕೊಳ್ಳಿ, ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಸಿಗುವುದಿಲ್ಲ ಎಂದು ಹುಡುಗರಿಗೆ ಹೇಳಿದರು. ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿದರು. ಇಬ್ಬರು ಹುಡುಗರು ಆ ಸೋತ ಮೈಯನ್ನು ಹಿಡಿದು ಎಡಮಗ್ಗುಲಿಗೆ ಹೊರಳಿಸಿದರು. ಯಾರೂ ಹೇಳಲಿಲ್ಲ, ದಾಕ್ಷಾಯಣಮ್ಮ ತಾನಾಗಿಯೇ ಉಸಿರು ಪೂರ್ತಿ ಹೊರಗೆ ಬಿಟ್ಟು, ತಡೆದು ಮಲಗಿದಳು.