ನೋರ್ಬರ್ಟ್ ಕುಲಾಸನ ಮಡಚಿದ ಬಿಲ್ಲೆ

ನೋರ್ಬರ್ಟ್ ಕುಲಾಸನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ತಾಯಿ ಒಬ್ಬಳೇ. ಅವಳು ಹೋಗಿ ಇಪ್ಪತ್ತು ವರ್ಷವಾಯಿತು. ಕ್ಲೀವ್‌ಲೆಂಡಿನ ಆ ಬೀದಿಗೆಲ್ಲ ಅವನು ‘ಸೊನ್ನೆ’. ಮೂವತ್ತು ವರ್ಷ ಸಾಸೇಜ್ ಅಂಗಡಿಯಲ್ಲಿ ಮಾಂಸ ಕಡಿದನಲ್ಲ, ಅಲ್ಲಿನ ಗಿರಾಕಿಗಳೂ ‘ಸೊನ್ನೆ, ಎರಡು ಪೌಂಡ್ ಹಾಕು’ ಅನ್ನುತ್ತಿದ್ದರು. ಹೆಂಡತಿ ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೋಗುವಾಗಲೂ ‘ಬಾಗಿಲು ಹಾಕ್ಕೋ, ಸೊನ್ನೆ’ ಅಂದಳಂತೆ. ಬಯ್ಗುಳ ಅಂದುಕೊಳ್ಳಬೇಡಿ. ಅಲ್ಲಿ ಅದು ಬಿರುದು.

ವಾಂಡಾಳ ಬಾರಿನ ಹಿಂದಿನ ಗೋಡೆಯ ಮೇಲೆ ಒಂಬತ್ತು ಫೋಟೋ ಇವೆ. ಆ ಬಡಾವಣೆಯಲ್ಲಿ ಹುಟ್ಟಿ ದೊಡ್ಡ ಲೀಗಿನಲ್ಲಿ ಬೇಸ್‌ಬಾಲ್ ಆಡಿದವರು. ಆರನೆಯದು ನೋರ್ಬರ್ಟನದು. ಇಪ್ಪತ್ತೈದರ ಪ್ರಾಯ, ಪೊದೆ ಮೀಸೆ, ಕೆಳಗೆ ಹಿತ್ತಾಳೆ ಪಟ್ಟಿಯಲ್ಲಿ 0.00. ಅಂದರೆ ಚೆಂಡೆಸೆಯುವ ಈ ಪಿಚರ್ ದೊಡ್ಡ ಲೀಗಿನಲ್ಲಿ ಒಂದೇ ಒಂದು ರನ್ನನ್ನೂ ಕೊಟ್ಟಿಲ್ಲ ಅಂತ ದಾಖಲೆ. ಎಷ್ಟು ದಿನ ಆಡಿದ ಅಂತ ಕೇಳುತ್ತೀರಾ? ಒಂದು ಭಾನುವಾರ ಮಧ್ಯಾಹ್ನ, ಅದೂ ಹತ್ತು ನಿಮಿಷ. ಆಮೇಲೆ ದೊಡ್ಡ ಲೀಗಿನ ಮೈದಾನದ ಮುಖ ನೋಡಲಿಲ್ಲ, ಹಾಗಾಗಿ ಆ ಸೊನ್ನೆ ಯಾರೂ ಅಳಿಸಲಾರದಂತೆ ಉಳಿದುಕೊಂಡಿತು.

ಚಳಿಗಾಲದ ಶುಕ್ರವಾರಗಳಲ್ಲಿ ಮಧ್ಯಾಹ್ನ ಮೂರಕ್ಕೆ ಆ ಗೋಡೆಯ ಕೆಳಗಿನ ಮೇಜಿಗೆ ನೋರ್ಬರ್ಟನೂ ಸೇರಿ ಏಳು ಜನ ಮುದುಕರು ಬಂದು ಕೂರುತ್ತಾರೆ. ಆಟವಿಲ್ಲದ ತಿಂಗಳುಗಳಲ್ಲಿ ಬಾಯಿಗೆ ಬಿಡುವಿರುವುದಿಲ್ಲ. ನಮ್ಮ ಟೀಮು ಯಾರನ್ನು ಕೊಂಡಿತು, ಯಾರನ್ನು ಕೈಬಿಟ್ಟಿತು, ಮಾಲೀಕನ ತಲೆಯಲ್ಲಿ ಮಿದುಳಿದೆಯೋ ಇಲ್ಲವೋ, ಇಷ್ಟಕ್ಕೇ ಜನವರಿ ಸಾಲುವುದಿಲ್ಲ. ಈ ಸಲ ಮಬ್ರಿ ಅನ್ನುವ ರಿಲೀಫ್ ಪಿಚರನನ್ನು ಮೂರು ವರ್ಷಕ್ಕೆ ಕೊಂಡಿದ್ದರು. ರಿಲೀಫ್ ಪಿಚರ್ ಅಂದರೆ ಮೊದಲು ಎಸೆಯುತ್ತಿದ್ದವನ ಕೈ ಸೋತಾಗ ಆಟದ ನಡುವೆ ಇಳಿಸುವವನು. ಮೇಜು ಎರಡು ಹೋಳಾಗಿತ್ತು.

‘ಒಂದು ಪಾಯಿಂಟ್ ಒಂಬತ್ತು!’ ಅಂದ ಲೂ ಫೆಡೋರ್ಚಾಕ್. ರಿಟೈರ್ಡ್ ಪೋಸ್ಟ್‌ಮ್ಯಾನ್, ಜೇಬಿನ ತುಂಬ ಅಂಕಿ ಬರೆದ ಚೀಟಿ. ‘ಒಂಬತ್ತು ಇನ್ನಿಂಗ್ಸಿಗೆ ಎರಡು ರನ್ನೂ ಕೊಡಲ್ಲ ಅವನು. ಇನ್ನೇನ್ ಬೇಕೋ ನಿಂಗೆ, ಚಂದ್ರನ್ನ ತಂದ್ಕೊಡ್ಬೇಕಾ?’

‘ಅವನು ಕೊಡಲ್ಲ, ನಿಜ. ಪಕ್ಕದವನ ಲೆಕ್ಕಕ್ಕೆ ಬರೆಸ್ತಾನೆ,’ ಅಂದ ಓಟಿಸ್ ಪೆಟ್‌ವೇ. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿದವನು, ದನಿಯೂ ಹಾಗೇ. ‘ಬೇಸ್ ಮೇಲೆ ಆಗ್ಲೇ ನಿಂತಿರೋರು ಇವನ ಚೆಂಡಿಗೆ ಓಡಿಬಂದ್ರೂ ರನ್ನು ಯಾರ ತಲೆಗೆ ಕಟ್ತಾರೆ? ಅವರನ್ನ ಅಲ್ಲಿ ಬಿಟ್ಟುಹೋದ ಹಿಂದಿನ ಪಿಚರ್ ತಲೆಗೆ. ನಿನ್ನ ಮಬ್ರಿ ಹೋದ ವರ್ಷ ಅಂಥ ಮೂವತ್ತೊಂದು ಜನದಲ್ಲಿ ಹತ್ತೊಂಬತ್ತು ಜನನ್ನ ಒಳಗೆ ಬಿಟ್ಟಿದಾನೆ. ತಾನು ಮಾತ್ರ ಇಸ್ತ್ರಿ ಮಾಡಿದ ಶರ್ಟು!’

‘ರೂಲ್ ಮಾಡಿದ್ದು ನಾನೇನಪ್ಪಾ?’

‘ರೂಲ್ ಮಾಡಿದವನಿಗೆ ಕಣ್ಣಿರ್ಲಿಲ್ಲ. ನಿಂಗಿದೆಯಲ್ಲ, ನೋಡು!’

‘ಸೊನ್ನೆನ್ನೇ ಕೇಳಣ,’ ಅಂದ ಲೂ. ‘ಲೇ ಸೊನ್ನೆ, ರಿಲೀಫ್ ಪಿಚರ್‌ನ ಅಳೆಯೋದು ಹೆಂಗೆ, ಹೇಳೋ.’

‘ಅಂಕಿ ಸುಳ್ಳು ಹೇಳಲ್ಲ,’ ಅಂದ ನೋರ್ಬರ್ಟ್, ಬಿಯರ್ ಗ್ಲಾಸು ನೋಡುತ್ತ. ಪ್ರತಿ ವರ್ಷ ಅವನು ಇದನ್ನೇ ಹೇಳುತ್ತಿದ್ದ. ಹೇಳುವಾಗ ಗೋಡೆಯ ಕಡೆ ಮಾತ್ರ ತಿರುಗುತ್ತಿರಲಿಲ್ಲ.

ತಿರುಗುವುದಾದರೂ ಹೇಗೆ! ಆ ಭಾನುವಾರ ಅವನಿಗಿಂತ ಮೊದಲು ಚೆಂಡೆಸೆದವನು ಡೇಲ್ ಹ್ರುಸ್ಕಾ. ಅದೇ ಬಡಾವಣೆಯವನು, ಚಿಕ್ಕ ಲೀಗಿನಲ್ಲಿ ನಾಲ್ಕು ವರ್ಷ ನೋರ್ಬರ್ಟನ ಜೊತೆ ಒಂದೇ ಕೋಣೆಯಲ್ಲಿ ಮಲಗಿದವನು, ಒಂದು ಬ್ರೆಡ್ಡನ್ನು ಇಬ್ಬರಿಗೆ ಮುರಿದವನು. ದೊಡ್ಡ ಲೀಗಿನ ಕರೆ ಇಬ್ಬರಿಗೂ ಒಂದೇ ವಾರ ಬಂದಿತ್ತು. ಡೇಲ್ ಇಬ್ಬರನ್ನು ಔಟ್ ಮಾಡಿದ. ಆಮೇಲೆ ಅದೃಷ್ಟ ಕೈಕೊಟ್ಟು ಮೂರು ಬೇಸೂ ಎದುರಾಳಿ ಓಟಗಾರರಿಂದ ತುಂಬಿದವು. ಮ್ಯಾನೇಜರ್ ನೋರ್ಬರ್ಟನನ್ನು ಕರೆಸಿದ. ಡೇಲ್ ಹೋಗದೆ ಕಾದು ನಿಂತು, ಗ್ಲೌಸು ಬಾಯಿಗೆ ಅಡ್ಡ ಹಿಡಿದು, ‘ಕೆಳಗೆ ಎಸೀಬೇಡ ಕಣೋ, ಬ್ಯಾಟ್ ಹಿಡಿದವನು ಅದನ್ನೇ ಕಾಯ್ತಿದಾನೆ. ಮೇಲೆ ಎಸಿ’ ಅಂದ. ನೋರ್ಬರ್ಟನಿಗೆ ಮೈ ಉರಿಯಿತು. ಮನೆ ತುಂಬ ಕಸ ಮಾಡಿ ಹೋಗುವವನು ನನಗೆ ಗುಡಿಸುವುದು ಹೇಳಿಕೊಡುತ್ತಾನಲ್ಲ! ಬೇಕೆಂದೇ ಕೆಳಗೆ ಎಸೆದ. ಚೆಂಡು ಹೋಗಿ ದೂರದ ಗೋಡೆಗೆ ಬಡಿಯಿತು. ಮೂವರೂ ಓಡಿಬಂದರು. ಅದರ ಮುಂದಿನ ಆಟಗಾರ ಹೇಗೋ ಔಟಾದ.

ರೂಲಿನ ಪ್ರಕಾರ ಮೂರು ರನ್ನೂ ಡೇಲನ ಲೆಕ್ಕಕ್ಕೆ ಹೋದವು. ಒಂಬತ್ತು ಇನ್ನಿಂಗ್ಸಿಗೆ ಲೆಕ್ಕ ಹಾಕಿದರೆ ಅವನ ಸರಾಸರಿ ನಲವತ್ತೂವರೆ ರನ್ನು, ಇವನದು ಸೊನ್ನೆ. ಅದೇ ಚಳಿಗಾಲ ಕ್ಲಬ್ಬಿನಿಂದ ಫೋನು ಬಂತು. ಮುಂದಿನ ತರಬೇತಿ ಕ್ಯಾಂಪಿಗೆ ಒಬ್ಬನಿಗೇ ಜಾಗ, ನಿನ್ನ ಸ್ನೇಹಿತ ಹೆಂಗೆ ಅಂತ ಕೇಳಿದರು. ‘ಅಂಕಿ ನೀವೇ ನೋಡಿದೀರಲ್ಲ ಸಾರ್’ ಅಂದ ನೋರ್ಬರ್ಟ್. ಅಷ್ಟೇ. ಡೇಲನನ್ನು ಕೈಬಿಟ್ಟರು, ಅವನು ರಸ್ತೆಯ ಹಿಮಕ್ಕೆ ಉಪ್ಪು ಚೆಲ್ಲುವ ಲಾರಿ ಓಡಿಸಿ ಜೀವನ ಕಳೆದ. ಇತ್ತ ಕ್ಯಾಂಪಿನ ಎರಡನೇ ವಾರವೇ ನೋರ್ಬರ್ಟನ ಭುಜ ಹರಿಯಿತು. ಕದ್ದ ಜಾಗ ಹದಿಮೂರು ದಿನ ಕೂಡ ದಕ್ಕಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಹುಡುಗುಬುದ್ಧಿ ಅಂತ ಕ್ಷಮಿಸಬಹುದಿತ್ತು. ನಿಲ್ಲಲಿಲ್ಲ.

ವಾಂಡಾಳ ಗೋಡೆಗೆ ಯಾರ ಫೋಟೋ ಏರಬೇಕು ಅನ್ನುವುದನ್ನು ಆ ಮೇಜಿನ ಏಳು ಜನ ತೀರ್ಮಾನ ಮಾಡುತ್ತಾರೆ. ಬಿಯರ್ ಗ್ಲಾಸಿನ ಕೆಳಗಿಡುವ ರಟ್ಟಿನ ಬಿಲ್ಲೆ ಇರುತ್ತದಲ್ಲ, ಅದನ್ನು ಮೇಜಿನ ಅಡಿಯಲ್ಲೇ ಒಂದು ಹಳೆಯ ಟೋಪಿಗೆ ಹಾಕಬೇಕು. ನೆಟ್ಟಗಿದ್ದರೆ ಒಪ್ಪಿಗೆ, ಮಡಚಿದ್ದರೆ ಇಲ್ಲ. ಒಂದೇ ಒಂದು ಮಡಚಿದ ಬಿಲ್ಲೆ ಸಿಕ್ಕಿದರೂ ಫೋಟೋ ಏರುವುದಿಲ್ಲ. ಆ ಆಟವನ್ನು ಕಣ್ಣಾರೆ ನೋಡಿದ್ದ ಓಟಿಸ್, ಡೇಲನ ಹೆಸರನ್ನು ನಾಲ್ಕು ಚಳಿಗಾಲ ಎತ್ತಿದ. ನಾಲ್ಕು ಸಲವೂ ಆರು ನೆಟ್ಟಗಿನವು, ಒಂದು ಮಡಚಿದ್ದು.

‘ನಲವತ್ತೂವರೆನ ಗೋಡೆಗೆ ಹಾಕಿದ್ರೆ ಬಿಯರ್ ಹುಳಿಯಾಗುತ್ತೆ’ ಅಂತ ಲೂ ಒಮ್ಮೆ ತಮಾಷೆ ಮಾಡಿದ್ದ. ಸರಿ, ಮಡಚಿದವನು ಲೂ ಅಂತ ಓಟಿಸ್ ನಂಬಿಬಿಟ್ಟ. ಎರಡು ವರ್ಷ ಅವನ ಜೊತೆ ಮಾತು ಬಿಟ್ಟ. ಆ ಎರಡು ವರ್ಷದ ನಡುವೆ ಲೂನ ಹೆಂಡತಿ ತೀರಿಕೊಂಡಳು, ಓಟಿಸ್ ಮಣ್ಣಿಗೆ ಹೋಗಲಿಲ್ಲ. ನಾಲ್ಕು ಬಿಲ್ಲೆಯನ್ನೂ ಮಡಚಿದ್ದು ನೋರ್ಬರ್ಟ್. ತನ್ನ ಸೊನ್ನೆಯ ಪಕ್ಕ ಡೇಲನ ನಲವತ್ತೂವರೆ ಬಂದು ಕೂತರೆ, ಯಾವನಾದರೂ ಆ ಮೂರು ರನ್ನು ಯಾರದು ಅಂತ ಕೇಳಿಯೇ ಕೇಳುತ್ತಾನೆ ಅನ್ನುವ ಭಯ. ಲೂ ಬೈಸಿಕೊಳ್ಳುವುದನ್ನು ಅವನು ಪಕ್ಕದಲ್ಲೇ ಕೂತು, ಪಿಯೆರೋಗಿ ಕಡುಬು ತಿನ್ನುತ್ತ ನೋಡಿದ. ಎಂಥ ಮನುಷ್ಯ ನೋಡಿ!

ಮಬ್ರಿಯ ಜಗಳ ತಾರಕಕ್ಕೇರಿದ್ದ ಆ ಶುಕ್ರವಾರ ಬಾಗಿಲು ತೆರೆದು ಒಬ್ಬ ಹೆಂಗಸು ಬಂದಳು. ನಲವತ್ತರ ಹತ್ತಿರದ ವಯಸ್ಸು, ಬೂಟಿನ ತುಂಬ ಹಿಮ, ಕಂಕುಳಲ್ಲಿ ಟವೆಲ್ ಸುತ್ತಿದ ಏನೋ ಚಪ್ಪಟೆ ಸಾಮಾನು.

‘ನಾನು ಕೊರಿನ್. ಡೇಲ್ ಹ್ರುಸ್ಕಾ ಮಗಳು,’ ಅಂದಳು. ‘ಅಪ್ಪ ಆಸ್ಪತ್ರೇಲಿದಾರೆ. ಶ್ವಾಸಕೋಶ. ಇನ್ನು ಕೆಲವು ವಾರ ಅಂದಿದಾರೆ ಡಾಕ್ಟರು. ನಾನಿಲ್ಲಿಗೆ ಬಂದಿದ್ದು ಗೊತ್ತಾದ್ರೆ ಸಾಯೋ ಮುಂಚೆ ನನ್ನ ಕೊಂದೇ ಹೋಗ್ತಾರೆ.’ ನಗಲು ನೋಡಿದಳು. ‘ಈ ಗೋಡೆ ವಿಷಯ ಅವರಿಗೆ ಗೊತ್ತು. ನಾಲ್ಕು ಸಲ ಬೇಡ ಅಂದ್ರಂತೆ ಅನ್ನೋದೂ ಗೊತ್ತು. ಬಾಯಿ ಬಿಟ್ಟು ಏನೂ ಹೇಳಲ್ಲ. ಒಂದ್ಸಲ ಹಾಕಿಬಿಟ್ರೆ, ಫೋನಲ್ಲಿ ಫೋಟೋ ತಕ್ಕೊಂಡು ಹೋಗಿ ತೋರಿಸ್ತೀನಿ. ಆಮೇಲೆ ಬೇಕಾದ್ರೆ ಇಳಿಸ್ಕೊಳ್ಳಿ.’

‘ಇಳಿಸೋ ಪದ್ಧತಿ ಇಲ್ಲಮ್ಮ ಇಲ್ಲಿ. ಏರಿದ್ದು ಏರಿದ್ದೇ,’ ಅಂತ ಓಟಿಸ್ ಆ ಹಳೆಯ ಟೋಪಿ ಹೊರತೆಗೆದ. ‘ಐದನೇ ಸಲ. ಲೂ, ದೇವರಾಣೆ ನಿಂಗೆ.’

ಲೂ ಚೀಟಿಗಳನ್ನು ಜೇಬಿಗೆ ತುರುಕಿ ತನ್ನ ಬಿಲ್ಲೆ ಎತ್ತಿಕೊಂಡ.

ಟೋಪಿ ಸುತ್ತು ಬರುತ್ತಿತ್ತು. ನೋರ್ಬರ್ಟನ ಬೆರಳು ಅಭ್ಯಾಸಬಲದಿಂದ ಆಗಲೇ ಬಿಲ್ಲೆಯ ಅಂಚನ್ನು ಬಾಗಿಸುತ್ತಿತ್ತು. ಆಗ ಆ ಹೆಂಗಸು ಅವನ ಕಡೆ ತಿರುಗಿದಳು.

‘ನೀವು ಮಿಸ್ಟರ್ ಕುಲಾಸ್ ಅಲ್ವಾ? ಫೋಟೋ ನೋಡಿ ಗುರುತು ಸಿಕ್ತು. ಅಪ್ಪ ನಿಮ್ಮನ್ನ ಒಂದು ದಿನವೂ ಬೈದಿಲ್ಲ. ಅವತ್ತು ಹನಿ ಬಿದ್ದಿತ್ತು, ಚೆಂಡು ಅವನ ಕೈ ಜಾರ್ತು, ಪಾಪ ಅವನೇನು ಮಾಡ್ತಾನೆ ಅಂತಾರೆ. ನಾನು ಬೇಡ ಅಂದ್ಮೇಲೂ ಬೇಕಂತ ಕೆಳಗೆ ಎಸೀತಾನಾ ನೋರ್ಬರ್ಟು ಅಂತಾರೆ.’

ನೋರ್ಬರ್ಟ್ ಬಾಗಿಸಿದ ಬಿಲ್ಲೆಯನ್ನು ತೊಡೆಯ ಮೇಲಿಟ್ಟು ಉಜ್ಜಿ ಉಜ್ಜಿ ನೆಟ್ಟಗೆ ಮಾಡಿ ಟೋಪಿಗೆ ಹಾಕಿದ.

ವಾಂಡಾ ಟೋಪಿಯನ್ನು ಮೇಜಿನ ಮೇಲೆ ಮಗುಚಿದಳು. ಏಳಕ್ಕೆ ಏಳೂ ನೆಟ್ಟಗಿದ್ದವು. ಮುದುಕರು ಮೇಜು ಗುದ್ದಿ ಕೂಗಿದರು. ವಾಂಡಾ ಸುತ್ತಿಗೆ ತಂದು ಆರನೇ ಫೋಟೋದ ಪಕ್ಕದಲ್ಲೇ ಮೊಳೆ ಹೊಡೆದಳು. ಕೊರಿನ್ ಟವೆಲ್ ಬಿಚ್ಚುತ್ತ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಇಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಸಾಯುವವನೊಬ್ಬ ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದ. ನೋರ್ಬರ್ಟ್ ಇನ್ನು ಐದು ನಿಮಿಷ, ಬರೀ ಐದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬಾಯಿ ಮುಚ್ಚುವುದರಲ್ಲಿ ಅವನಿಗೆ ನಲವತ್ತು ವರ್ಷದ ಅನುಭವವಿತ್ತು.

ಆದರೆ ಓಟಿಸ್ ಲೂನ ಬೆನ್ನು ತಟ್ಟಿದ. ‘ಕೊನೆಗೂ ನಿನ್ನ ಕಲ್ಲೆದೆ ಕರಗ್ತಲ್ಲಪ್ಪಾ. ಹೋಗ್ಲಿ, ಹಳೇದೆಲ್ಲ ಮಾಫಿ.’

‘ಯಾವ ಮಾಫಿ?’ ಲೂ ಬೆನ್ನ ಮೇಲಿನ ಕೈ ತಳ್ಳಿದ. ‘ಯಾವತ್ತೂ ಮಡಚಿಲ್ಲ ಕಣೋ ನಾನು! ನನ್ನ ಹೆಂಡ್ತಿ ಪೆಟ್ಟಿಗೆ ಹೊರೋಕೆ ಒಂದು ಹೆಗಲು ಕಮ್ಮಿ ಆಗಿತ್ತು. ನಿನ್ನ ಹೆಗಲು. ಈಗ ಮಾಫಿ ಮಾಡ್ತಾನಂತೆ!’

‘ನಾನು ಮಡಚಿದ್ದು,’ ಅಂದ ನೋರ್ಬರ್ಟ್.

ಒಮ್ಮೆ ಬಾಯಿ ಬಿಟ್ಟಿತೋ, ಎಲ್ಲ ಹೊರಗೆ ಬಂತು. ಚೆಂಡು ಜಾರಲಿಲ್ಲ. ಅವತ್ತು ಹನಿಯೂ ಬಿದ್ದಿರಲಿಲ್ಲ. ಹಟಕ್ಕೆ ಕೆಳಗೆ ಎಸೆದದ್ದು, ಫೋನಿನಲ್ಲಿ ಆಡಿದ ಒಂದು ಮಾತು, ನಾಲ್ಕು ಚಳಿಗಾಲದ ನಾಲ್ಕು ಬಿಲ್ಲೆ. ಹೇಳಿ ಮುಗಿಸಿ ತಲೆ ಎತ್ತಿದಾಗ ಅವನ ಮುಖದಲ್ಲಿ ಏನಿತ್ತು ಗೊತ್ತೇ? ಹಗುರಾದ ಕಳೆ! ‘ನಾಳೆನೇ ಆಸ್ಪತ್ರೆಗೆ ಬರ್ತೀನಮ್ಮ. ಡೇಲ್ ಕಾಲು ಹಿಡ್ಕೊಂಡು ಎಲ್ಲಾ ಹೇಳ್ತೀನಿ,’ ಅಂದ.

ಕೊರಿನ್ ಫೋಟೋಗೆ ಮತ್ತೆ ಟವೆಲ್ ಸುತ್ತುತ್ತಿದ್ದಳು.

‘ಬರ್ಬೇಡಿ,’ ಅಂದಳು. ‘ನಲವತ್ತೂವರೆ ಅಂತ ಜನ ಆಡ್ಕೊಂಡ್ರು, ಸಹಿಸಿದ್ರು. ಕೆಲಸ ಹೋಯ್ತು, ಸಹಿಸಿದ್ರು. ನನ್ನ ಗೆಳೆಯ ಮಾತ್ರ ಒಳ್ಳೆಯವನು ಅನ್ನೋದೊಂದು ಉಳ್ಕೊಂಡಿದೆ ಅವರ ಹತ್ರ. ಅದನ್ನೂ ಕಿತ್ಕೊಳೋಕೆ ಬರ್ತೀರಾ? ನಿಮ್ಮ ಎದೆ ಹಗುರ ಮಾಡ್ಕೊಳೋಕೆ?’

‘ಫೋಟೋನಾದ್ರೂ ಹಾಕಮ್ಮ,’ ಓಟಿಸ್ ಅಂಗಲಾಚಿದ. ‘ವೋಟ್ ಆಗಿದೆ.’

‘ಇವರ ಪಕ್ಕದಲ್ಲಿ ನನ್ನಪ್ಪನ್ನ ತೂಗುಹಾಕಲ್ಲ ನಾನು.’

ಅವಳು ಹೋದಳು. ಬಾಗಿಲ ಸಂದಿಯಿಂದ ಬಂದ ಹಿಮ ನೆಲದ ಮೇಲೆ ಕರಗಿತು. ನೋರ್ಬರ್ಟ್ ಎದ್ದು ತನ್ನ ಫೋಟೋಗೆ ಕೈ ಹಾಕಿದ. ವಾಂಡಾ ಸುತ್ತಿಗೆಯಿಂದಲೇ ಅವನ ಕೈ ಸರಿಸಿದಳು. ‘ಏರಿದ್ದು ಏರಿದ್ದೇ. ಅಲ್ಲೇ ಇರ್ಲಿ. ನೋಡ್ಕೊಂಡು ಕೂತ್ಕೋ.’

ಡೇಲ್ ಹ್ರುಸ್ಕಾ ಮಾರ್ಚಿನ ಮೊದಲ ವಾರ ತೀರಿಕೊಂಡ. ಲೂ ಮತ್ತು ಓಟಿಸ್ ಒಂದೇ ಕಾರಿನಲ್ಲಿ ಹೋಗಿ ಪೆಟ್ಟಿಗೆಗೆ ಹೆಗಲು ಕೊಟ್ಟು ಬಂದರು. ನೋರ್ಬರ್ಟ್ ಅದನ್ನು ಪೇಪರಿನಲ್ಲಿ ಓದಿದ. ಅದರಲ್ಲಿ, ಬಾಲ್ಯದ ಗೆಳೆಯ ನೋರ್ಬರ್ಟ್ ಕುಲಾಸ್ ಜೊತೆ ದೊಡ್ಡ ಲೀಗಿನಲ್ಲಿ ಒಂದು ಆಟ ಆಡಿದ್ದನ್ನು ಡೇಲ್ ಕೊನೆಯವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಅಂತ ಇತ್ತು. ಬರೆಸಿದವಳು ಮಗಳೇ.

ಅವನು ಈಗಲೂ ಶುಕ್ರವಾರ ಬರುತ್ತಾನೆ. ಬಾರದೆ ಎಲ್ಲಿಗೆ ಹೋದಾನು? ಯಾರೂ ಎದ್ದು ಹೋಗು ಅನ್ನಲಿಲ್ಲ. ಅವನ ಕುರ್ಚಿ ಹಾಗೇ ಇದೆ, ಗೋಡೆಯ ಮೇಲೆ ಅವನ ಸೊನ್ನೆಯೂ ಇದೆ, ಅದರ ಪಕ್ಕದ ಮೊಳೆ ಖಾಲಿ. ಆಟ ಶುರುವಾದ ಮೊದಲ ತಿಂಗಳಲ್ಲೇ ಮಬ್ರಿ ಹಿಂದಿನ ಪಿಚರ್ ಬೇಸಿನಲ್ಲಿ ಬಿಟ್ಟುಹೋದ ಐದು ಜನರನ್ನು ಒಳಗೆ ಬಿಟ್ಟ ದಿನ ಜಗಳ ಮತ್ತೆ ಹತ್ತಿಕೊಂಡಿತು. ಲೂ ಚೀಟಿ ತೆಗೆದ, ಓಟಿಸ್ ಬೈದ, ಎಲ್ಲರೂ ಒಟ್ಟಿಗೆ ಕಿರುಚಿದರು. ಆಮೇಲೆ ಲೂ ಮೇಜಿನ ಕೊನೆಗೆ ತಿರುಗಿ, ಬ್ಯಾಂಕಿನಲ್ಲಿ ಗುರುತಿಲ್ಲದವರನ್ನು ಕೇಳುವ ಹಾಗೆ ಮೆತ್ತಗೆ ಕೇಳಿದ.

‘ಮಿಸ್ಟರ್ ಕುಲಾಸ್, ನೀವೇನಂತೀರಿ?’