ಮಾಣಿಕನ ಕಲ್ಲಿಗೆ ಕಿರೀಟ

ಬಶೀರಾಬಾದಿನಿಂದ ತಾಂಡೂರಿಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ಸಾಯಮ್ಮ ಆಗಲೇ ಗೋಣಿತಟ್ಟಿನ ಮೇಲೆ ಕಾಲು ಮಡಚಿ ಕೂತಿದ್ದಾಳೆ. ಮುಂದೆ ಎದೆಯಗಲದ ಪರಸಿಕಲ್ಲಿನ ಚಪ್ಪಡಿ, ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಅಕ್ಷರ. ಅವಳ ಉಳಿ ಮೊದಲು ಬೀಳುವುದು ಕಟ್ಟಕಡೆಯ ಸಾಲಿನ ಮೇಲೆ. ಮೇಲಿನಿಂದ ಕೆತ್ತುತ್ತ ಬಂದರೆ ಅಂಗೈ ಊರಿ ಕೆಳಗಿನ ಬರಹ ಅಳಿಸಿಹೋಗುತ್ತದೆ. ಹಾಗಾಗಿ ಮೊದಲು ಬೈಬಲಿನ ವಚನ, ಸತ್ತವರ ಹೆಸರು ಎಲ್ಲಕ್ಕಿಂತ ಕೊನೆಗೆ.

ಅರವತ್ತೆರಡರ ಸಾಯಮ್ಮ ಸಮಾಧಿ ಕಲ್ಲು ಕೆತ್ತುವವಳು. ಶಾಲೆಗೆ ಹೋದವಳಲ್ಲ. ಗಂಡ ಕಲ್ಲಿನ ಧೂಳು ಕುಡಿದು ದಮ್ಮು ಹತ್ತಿ ತೀರಿಕೊಂಡ ಮೇಲೆ ಅವನ ಉಳಿ ಹಿಡಿದಳು. ಅಕ್ಷರ ಕೆತ್ತುತ್ತ ಕೆತ್ತುತ್ತಲೇ ಓದು ಬಂತು. ದಿನಕ್ಕೆ ನಲವತ್ತು ಅಕ್ಷರ, ಒತ್ತಕ್ಷರ ಬಹಳ ಬಂದರೆ ಮೂವತ್ತು. ಇಪ್ಪತ್ತಾರು ವರ್ಷದಲ್ಲಿ ಆರುನೂರು ಕಲ್ಲು ದಾಟಿದೆ. ಒಂದರ ಮೇಲೂ ಅವಳ ಹೆಸರಿಲ್ಲ.

ವಚನ ಕೆತ್ತುವವಳು ಬೈಬಲನ್ನು ತಿರುವಿ ನೋಡದೆ ಇರುತ್ತಾಳೆಯೇ? "ಅದರಾಗ ಒಂದೇ ಮಾತಿಲ್ರಿ," ಎನ್ನುತ್ತಾಳೆ. "ಒಂದ್ ಕಡಿ ಹರಕಿಗಿ ಮನಷ್ಯಾರ ಬೆಲೆ ಕಟ್ಟ್ಯಾರ. ಗಂಡಸಿಗಿ ಐವತ್ತು ಬೆಳ್ಳಿ ರೊಕ್ಕ, ಹೆಂಗಸಿಗಿ ಮೂವತ್ತು, ನನ್ನಂಥ ಮುದುಕಿಗಿ ಹತ್ತು. ಇನ್ನೊಂದ್ ಕಡಿ, ಜೀವದ ಸಲುವಾಗಿ ಸಾವ್ಕಾರ ಹೆಚ್ಚಿಗಿ ಕೊಡಬಾರದು, ಬಡವ ಕಮ್ಮಿ ಕೊಡಬಾರದು ಅಂದಾರ. ನಾ ಎರಡನೇದು ಗಟ್ಟಿ ಹಿಡದೀನಿ."

ಈಗ ಮುಂದಿರುವ ಕಲ್ಲು ಮಾಣಿಕನದು. ಮೂವತ್ತು ವರ್ಷ ಗಣಿಯಲ್ಲಿ ಲಾರಿಗೆ ಕಲ್ಲು ಹೇರಿದ ಹಮಾಲ. ಯಾರಿಗೆ ಯಾವ ವಚನವೆಂದು ಆರಿಸುವುದು ಊರ ಚರ್ಚಿನ ಸಭೆಯ ಹಿರಿಯರ ಪದ್ಧತಿ. ಈಗಿನ ಹಿರಿಯ ಆತ್ಮಾರಾಮ, ರಿಟೈರ್ಡ್ ಮಾಸ್ತರ. ಮನುಷ್ಯನೆಂದರೆ ಬೆಳಿಗ್ಗೆ ಚಿಗುರಿ ಸಂಜೆ ಬಾಡುವ ಹುಲ್ಲು ಎಂಬ ವಚನವನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಎರಡು ವರ್ಷದ ಹಿಂದೆ ಆತ್ಮಾರಾಮನ ಅಪ್ಪನ ಕಲ್ಲಿಗೆ ಬಂದಿದ್ದದ್ದು ಬೇರೆ ಮಾತು: ದೇವರು ಮನುಷ್ಯನ ತಲೆಗೆ ಮಾನದ ಕಿರೀಟ ಇಟ್ಟಿದ್ದಾನೆ.

ಚೀಟಿ ಕೈಗೆ ಬಂದ ದಿನ ಅದು ನೆನಪಾಗಿ ಸಾಯಮ್ಮ ಸಮಾಧಿಗಳ ನಡುವೆ ಒಂದು ಸುತ್ತು ಹಾಕಿ ಬಂದಳು. ಪಗಾರದವರಿಗೆಲ್ಲ ಕಿರೀಟ, ಕೂಲಿಯವರಿಗೆಲ್ಲ ಹುಲ್ಲು. ಎಲ್ಲವೂ ಅವಳ ಕೈಯವೇ. ವಚನ ಒಂದು ದಿನ, ಹೆಸರು ಮತ್ತೊಂದು ದಿನ ಕೆತ್ತುವವಳು ಎರಡನ್ನೂ ಕೂಡಿಸಿ ಓದಿರಲೇ ಇಲ್ಲ.

ನೇರ ಆತ್ಮಾರಾಮನ ಮನೆಗೆ ಹೋಗಿ, ಒಬ್ಬರಿಗೆ ಕಿರೀಟ ಒಬ್ಬರಿಗೆ ಹುಲ್ಲು ಯಾಕೆಂದು ಕೇಳಿದಳು. ಅವನು ತಾಳ್ಮೆಯಿಂದಲೇ ತಿಳಿಸಿ ಹೇಳಿದ: ಗ್ರಂಥದ ಎರಡು ಮಾತಿಗೂ ವಿರೋಧವಿಲ್ಲ, ಮೈ ಹುಲ್ಲು, ಜೀವಕ್ಕೆ ಕಿರೀಟ.

"ಹಂಗಾದ್ರ ಮಾಸ್ತರ್ರ, ನಿಮ್ಮಪ್ಪಗ ಬರೇ ಜೀವ ಇತ್ತು, ಮಾಣಿಕಗ ಬರೇ ಮೈ ಇತ್ತೇನ್ರಿ?"

ಆತ್ಮಾರಾಮನಿಗೆ ಸಿಟ್ಟು ಬಂತು. ಜಹೀರಾಬಾದಿನ ಮಷಿನ್ ಅಂಗಡಿ ಅರ್ಧ ತಾಸಿನಲ್ಲಿ ಕೆತ್ತಿಕೊಡುತ್ತದೆ, ಬಾಯಿ ಮಾಡುವುದಿಲ್ಲ ಎಂದ. ಸಾಯಮ್ಮನ ಕೆಲಸದ ಮುಕ್ಕಾಲು ಪಾಲು ಇದೇ ಸಭೆಯದು. ಅವಳು ಅಲ್ಲಿಂದ ಎದ್ದು, ಮಾಣಿಕನ ಹೆಂಡತಿ ಪ್ರೇಮಲಾಳ ಬಾಗಿಲಿಗೆ ಹೋಗಿ, ಯಾವುದು ಬೇಕವ್ವಾ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಸತ್ತವರ ಮನೆಯವರನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಮೂವತ್ತು ವರ್ಷ ಅವನ ತಲಿ ಮ್ಯಾಲ ಕಲ್ಲು ಹೊರೂ ಸಿಂಬಿನೇ ಇತ್ತು," ಎಂದಳು ಪ್ರೇಮಲಾ. "ಈಗರ ಕಿರೀಟ ಇರಲಿ ಅತ್ತಿ."

ಕೆತ್ತನೆ ಶುರುವಾದ ಮರುದಿನ ಬಿಸಿಲು ಏರುವ ಹೊತ್ತಿಗೆ ಆತ್ಮಾರಾಮ ತಾನೇ ನೋಡಲು ಬರುತ್ತಾನೆ. ಕೆಳಗಿನ ಕಿರೀಟದ ಸಾಲು ಮುಗಿದಿದೆ. ಸುಣ್ಣವಾದರೆ ಒರೆಸಬಹುದು, ಕೆತ್ತಿದ್ದು ಹೋಗುವುದಿಲ್ಲ. ಅವನು ಎರಡು ಸಲ ಓದಿ, ಇನ್ನು ಮೇಲೆ ಸಭೆಯ ಒಂದು ಕಲ್ಲೂ ನಿನಗಿಲ್ಲ ಎನ್ನುತ್ತಾನೆ.

ಸಾಯಮ್ಮ ತಲೆ ಎತ್ತುವುದಿಲ್ಲ. ಧೂಳು ಊದಿ, ಮಾಣಿಕನ ಹೆಸರಿನ ಮೊದಲ ಅಕ್ಷರಕ್ಕೆ ಉಳಿ ಹಚ್ಚುತ್ತಾಳೆ.

"ಆಗಲ್ರಿ ಮಾಸ್ತರ್ರ. ಖರೆ ನಿಮ್ಮಪ್ಪನ ಕಲ್ಲಿನ್ಯಾಗ ಕೆಳಗ ಇನ್ನೂ ಒಂದು ಸಾಲಿನ ಜಾಗ ಅದ. ಹುಲ್ಲಿನ ಮಾತು ಅಲ್ಲಿ ಸರಿಯಾಗಿ ಕುಂದರ್ತದ. ಯಾವಾಗ ಕರೀತೀರಿ ಆವಾಗ ಬರ್ತೀನಿ, ಪುಕ್ಕಟ ಕೆತ್ತಿ ಕೊಡ್ತೀನಿ."